ರೀಫ್ ಟ್ಯಾಂಕಿಗೆ ಉಪ್ಪುನೀರು: ತಯಾರಿಸುವುದು ಹೇಗೆ, ಹದ ತಪ್ಪಿದರೆ ತಿದ್ದುವುದು ಹೇಗೆ

ಮನೆಯಲ್ಲಿ ಹವಳದ ಟ್ಯಾಂಕ್, ಅಂದರೆ ರೀಫ್ ಟ್ಯಾಂಕ್, ಇಡಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಕಂಪನಿ ಉಪ್ಪು ತಗೊಳ್ಳಲಿ?" ಅಂತ. ರೆಡ್ ಸೀ, ಟ್ರಾಪಿಕ್ ಮರೀನ್, ಇನ್‌ಸ್ಟಂಟ್ ಓಷನ್, ಅಕ್ವಾಫಾರೆಸ್ಟ್, ಫ್ರಿಟ್ಜ್, ಇವುಗಳಲ್ಲಿ ಯಾವುದು ತಂದರೂ ಹವಳ ಬೆಳೆಯುತ್ತದೆ. ಟ್ಯಾಂಕ್ ಕೆಡುವುದು ಹೆಚ್ಚಾಗಿ ಬೇರೆ ಕಡೆ. ಉಪ್ಪು ಕರಗಿಸುವ ನೀರೇ ಸರಿಯಿರುವುದಿಲ್ಲ. ಅಳೆಯುವ ಮೀಟರ್ ಸುಳ್ಳು ಹೇಳುತ್ತಿರುತ್ತದೆ. ಇಲ್ಲವೇ ಈ ವಾರ ಒಂದು ಹದ, ಮುಂದಿನ ವಾರ ಇನ್ನೊಂದು ಹದ ಆಗಿರುತ್ತದೆ. ಹಾಗಾಗಿ ಬ್ರ್ಯಾಂಡ್ ಜಗಳಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿಲ್ಲ. ನೀರು ಮತ್ತು ಅಳತೆಗೆ ಕೊಟ್ಟಿದ್ದೇನೆ.

ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಮೂರಡಿಯ ಟ್ಯಾಂಕ್, ಕೆಳಗಿನ ಫಿಲ್ಟರ್ ತೊಟ್ಟಿಯೂ ಸೇರಿ ಒಟ್ಟು 200 ಲೀಟರ್ ನೀರು. ನಿಮ್ಮದು ಎಷ್ಟು ಅನ್ನುವುದನ್ನು ಗಾಜಿನ ಅಳತೆಯಿಂದ ಲೆಕ್ಕ ಹಾಕಬೇಡಿ. ಕಲ್ಲು, ಮರಳು ಸಾಕಷ್ಟು ಜಾಗ ತಿನ್ನುತ್ತವೆ. ಮೊದಲ ಸಲ ತುಂಬಿಸುವಾಗಲೇ 20 ಲೀಟರ್ ಕ್ಯಾನ್ ಎಷ್ಟು ಖಾಲಿಯಾಯಿತು ಅಂತ ಎಣಿಸಿ ಎಲ್ಲಾದರೂ ಬರೆದಿಡಿ. ಮುಂದೆ ಏನು ತಿದ್ದಬೇಕಾದರೂ ಈ ಅಂಕಿ ಬೇಕಾಗುತ್ತದೆ.

ಎಷ್ಟು ಉಪ್ಪಿರಬೇಕು

ತೆರೆದ ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಇದನ್ನೇ 35 ಪಿಪಿಟಿ ಅನ್ನುವುದು. ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಲೆಕ್ಕದಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇದು 1.026. ವಿದ್ಯುತ್ ವಾಹಕತೆ ಅಳೆಯುವ ಮೀಟರ್ ಇದ್ದರೆ 53 ಮಿಲಿಸೀಮನ್ಸ್ ತೋರಿಸುತ್ತದೆ. ಮೂರೂ ಹೇಳುವುದು ಒಂದೇ ವಿಷಯ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ನಾನು ಪಿಪಿಟಿ ಹಿಡಿಯುತ್ತೇನೆ, ಕೂಡುವುದು ಕಳೆಯುವುದು ಸುಲಭ.

ಬರೀ ಮೀನು ಸಾಕುವವರು ಉಪ್ಪು ಉಳಿಸಲು 30ರ ಆಸುಪಾಸಿನಲ್ಲೂ ಇಡುತ್ತಾರೆ, ಮೀನುಗಳು ತಡೆದುಕೊಳ್ಳುತ್ತವೆ. ಹವಳ, ಸೀಗಡಿ, ಸಮುದ್ರದ ಬಸವನಹುಳು ಇದ್ದರೆ ಆ ಉಳಿತಾಯ ಬೇಡ, 35ಕ್ಕೆ ಇಡಿ. ಹಾಗಂತ 34 ಅಥವಾ 36 ಬಂದರೆ ಗಾಬರಿ ಆಗಬೇಕಿಲ್ಲ. ಕೆಂಪು ಸಮುದ್ರದಲ್ಲಿ ಉಪ್ಪು 40ರ ಹತ್ತಿರ ಇದೆ, ಅಲ್ಲೂ ಹವಳದ ದಿಬ್ಬಗಳು ಚೆನ್ನಾಗಿಯೇ ಬೆಳೆದಿವೆ. ಆದರೆ ಅವು ಆ ಹದಕ್ಕೇ ಒಗ್ಗಿಕೊಂಡಿರುವ ಜೀವಿಗಳು. ಸೋಮವಾರ 33, ಗುರುವಾರ 37 ಅಂದರೆ ಯಾವ ಹವಳವೂ ಸಹಿಸುವುದಿಲ್ಲ.

ಸಾಣಿಕಟ್ಟೆ ಉಪ್ಪು ಯಾಕೆ ಆಗುವುದಿಲ್ಲ

ಇದು ನ್ಯಾಯವಾದ ಪ್ರಶ್ನೆಯೇ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಅಘನಾಶಿನಿ ಅಳಿವೆಯ ನೀರು ಕಟ್ಟಿ ಉಪ್ಪು ತೆಗೆಯುತ್ತಾರೆ. ಅದು ಸಮುದ್ರದಿಂದಲೇ ಬಂದ ಉಪ್ಪು. ಮತ್ತೆ ನೀರಿಗೆ ಹಾಕಿದರೆ ಸಮುದ್ರದ ನೀರು ಆಗಬೇಕಲ್ವಾ?

ಆಗುವುದಿಲ್ಲ. ಬಿಸಿಲಿಗೆ ನೀರು ಆರುತ್ತಾ ಹೋದಂತೆ ಲವಣಗಳೆಲ್ಲ ಒಟ್ಟಿಗೆ ಕೆಳಗೆ ಕೂರುವುದಿಲ್ಲ. ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ, ಅದಾದ ಮೇಲೆ ನಾವು ಊಟಕ್ಕೆ ಬಳಸುವ ಸೋಡಿಯಂ ಕ್ಲೋರೈಡ್. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಹೆಚ್ಚಾಗಿ ಉಳಿದುಬಿಡುತ್ತದೆ. ಗುಡ್ಡೆ ಹಾಕಿದ ಬಿಳಿ ಉಪ್ಪಿನಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ. ಅಂಗಡಿಯ ಪ್ಯಾಕೆಟ್ ಪುಡಿ ಉಪ್ಪಿನ ಕಥೆ ಇನ್ನೂ ದೂರ, ಅದು ಹೆಚ್ಚೂಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡ್.

ಸಮುದ್ರದ ನೀರಿನ ಗುಟ್ಟು ಇರುವುದೇ ಪ್ರಮಾಣದಲ್ಲಿ. ಬ್ರಿಟನ್ನಿನ ಎಚ್‌ಎಂಎಸ್ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಲೋಕದ ಸಮುದ್ರಗಳನ್ನೆಲ್ಲ ಸುತ್ತಿ ನೀರಿನ ಮಾದರಿ ತಂದಿತು. ಅದರಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನ ವಿಜ್ಞಾನಿ ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ನೀರಿನಲ್ಲಿ ಒಟ್ಟು ಉಪ್ಪು ಹೆಚ್ಚು ಕಡಿಮೆ ಇರಬಹುದು, ಆದರೆ ಮುಖ್ಯ ಲವಣಗಳ ಪಾಲು ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ ಅಂತ ಅದರಿಂದ ಖಚಿತವಾಯಿತು. 35 ಪಿಪಿಟಿ ನೀರಿನ ಒಂದು ಲೀಟರಿನಲ್ಲಿ ಕ್ಯಾಲ್ಸಿಯಂ ಸುಮಾರು 420 ಮಿಲಿಗ್ರಾಂ, ಮೆಗ್ನೀಸಿಯಂ 1,300ರ ಹತ್ತಿರ, ಪೊಟ್ಯಾಸಿಯಂ 400. ಆಲ್ಕಲಿನಿಟಿ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ (ಹೆಚ್ಚಾಗಿ ಬೈಕಾರ್ಬನೇಟ್‌ನಿಂದ ಬರುವುದು), ಸುಮಾರು 7 ಡಿಕೆಎಚ್; ಡಿಕೆಎಚ್ ಅದನ್ನು ಅಳೆಯುವ ಮಾನ. ರೀಫ್ ಉಪ್ಪಿನ ಡಬ್ಬದಲ್ಲಿ ಇರುವುದು ಈ ಪಾಲನ್ನು ಅನುಸರಿಸಿದ ಮಿಶ್ರಣ. ಕೆಲವು ಕಂಪನಿಗಳು ಹವಳ ಬೇಗ ಬೆಳೆಯಲಿ ಅಂತ ಆಲ್ಕಲಿನಿಟಿ, ಕ್ಯಾಲ್ಸಿಯಂ ಸ್ವಲ್ಪ ಏರಿಸಿರುತ್ತವೆ.

ಕರಾವಳಿಯವರು ಸೀದಾ ಸಮುದ್ರದ ನೀರನ್ನೇ ತರಬಹುದಲ್ಲ ಅಂದರೆ, ತರಬಹುದು, ಷರತ್ತುಗಳಿವೆ. ಮಳೆಗಾಲದಲ್ಲಿ ಬೇಡವೇ ಬೇಡ. ನೇತ್ರಾವತಿ, ಶರಾವತಿ, ಕಾಳಿ ತುಂಬಿ ಹರಿಯುವಾಗ ದಡದ ನೀರಿನ ಉಪ್ಪು ಇಳಿದಿರುತ್ತದೆ, ಜೊತೆಗೆ ಕೆಸರು. ಬಂದರು ಮತ್ತು ಅಳಿವೆಯ ಹತ್ತಿರ ಯಾವ ಕಾಲದಲ್ಲೂ ತುಂಬಿಸಬೇಡಿ. ಬೇಸಿಗೆಯಲ್ಲಿ ದಡದಿಂದ ದೂರ, ದೋಣಿಯವರ ಸಹಾಯದಿಂದ ತಂದು, ಸೋಸಿ, ಉಪ್ಪು ಅಳೆದು ಬಳಸಬಹುದು. ಬೆಂಗಳೂರಿನವರು ಇದಕ್ಕೋಸ್ಕರ ಘಾಟಿ ಇಳಿದು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ನೀರು ತರಲು ಹೋದವರು ನೇತ್ರಾಣಿ ದ್ವೀಪದ ಕಡೆಯಿಂದ ಹವಳದ ತುಂಡು ತರುವ ಯೋಚನೆಯನ್ನೂ ಬಿಡಿ. ನಮ್ಮ ಸಮುದ್ರದ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಿತ್ತು ತಂದರೆ ಅಪರಾಧ.

ನೀರು: ಅರ್ಧ ಕೆಲಸ ಇಲ್ಲೇ

ಉಪ್ಪಿನ ಮಿಶ್ರಣ ತಯಾರಿಸುವವರು ನೀವು ಏನೂ ಇಲ್ಲದ ನೀರು ಹಾಕುತ್ತೀರಿ ಅಂತ ಲೆಕ್ಕ ಹಾಕಿರುತ್ತಾರೆ. ಅಂದರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಲೆಕ್ಕ) ಸೊನ್ನೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಬರುವುದು ಏನು? ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್, ಬಹಳಷ್ಟು ಕಡೆ ಮೂರೂ ಬೆರೆತದ್ದು. ಕ್ಲೋರಿನ್, ನೈಟ್ರೇಟ್, ಸಿಲಿಕಾ, ಗಡಸುತನ, ಯಾವುದು ಎಷ್ಟು ಅಂತ ದಿನಕ್ಕೊಂದು ಲೆಕ್ಕ. ನೈಟ್ರೇಟ್ ಮತ್ತು ಸಿಲಿಕಾ ಇದ್ದರೆ ಗಾಜು, ಮರಳು, ಕಲ್ಲಿನ ಮೇಲೆ ಕಂದು ಪಾಚಿ ಹಾಸಿಕೊಳ್ಳುತ್ತದೆ. ಎಷ್ಟು ದುಬಾರಿ ಉಪ್ಪು ಹಾಕಿದರೂ ಅದು ಹೋಗುವುದಿಲ್ಲ.

ಅಡುಗೆಮನೆಯ ಆರ್‌ಒ ಸಾಕಾಗುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಕುಡಿಯುವ ನೀರಿಗೆ ರುಚಿ ಬರಲಿ ಅಂತ ಅದರಲ್ಲಿ ಮಿನರಲ್ ಕಾರ್ಟ್ರಿಜ್ ಇರುತ್ತದೆ, ಅಥವಾ ಸ್ವಲ್ಪ ಹಸಿ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಈಗ ತಾಮ್ರ ಸೇರಿಸುವ ಫಿಲ್ಟರ್‌ಗಳೂ ಮನೆಮನೆಗೆ ಬಂದಿವೆ. ಇದನ್ನು ಒತ್ತಿ ಹೇಳಬೇಕು: ಸೀಗಡಿ, ಬಸವನಹುಳು, ಹವಳಗಳಿಗೆ ತಾಮ್ರ ವಿಷ. ನಮಗೆ ಒಳ್ಳೆಯದು ಅಂತ ಬಿಂದಿಗೆಯಲ್ಲಿ ತುಂಬಿಟ್ಟ ನೀರು ಅವುಗಳಿಗೆ ಮೃತ್ಯು. ತಾಮ್ರದ ಬಿಂದಿಗೆ, ಹಿತ್ತಾಳೆ ಪಾತ್ರೆ, ಹಿತ್ತಾಳೆ ನಲ್ಲಿ ಈ ನೀರಿನ ದಾರಿಯಲ್ಲಿ ಎಲ್ಲೂ ಬರದಂತೆ ನೋಡಿಕೊಳ್ಳಿ. 20 ಲೀಟರಿನ ಮಿನರಲ್ ವಾಟರ್ ಕ್ಯಾನ್ ಕೂಡ ಬೇಡ, ಹೆಸರಿನಲ್ಲೇ ಮಿನರಲ್ ಇದೆ.

ಬೇಕಾದದ್ದು ನಾಲ್ಕು ಹಂತದ ಆರ್‌ಒ-ಡಿಐ ಘಟಕ: ಮಣ್ಣು ತಡೆಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್, ಆರ್‌ಒ ಮೆಂಬ್ರೇನ್, ಕೊನೆಯಲ್ಲಿ ಉಳಿದ ಲವಣ ಹೀರಿಕೊಳ್ಳುವ ಡಿಐ ರೆಸಿನ್. ಮೆಂಬ್ರೇನ್ ಶೇ. 95ರಿಂದ 98ರಷ್ಟು ಲವಣ ತಡೆಯುತ್ತದೆ. ಕಾವೇರಿ ನೀರಿಗೆ ಇದು ಆರಾಮ. ಒಳಗೆ ಬರುವ ಬೋರ್ ನೀರಿನ ಟಿಡಿಎಸ್ 800 ಇದ್ದರೆ ಮೆಂಬ್ರೇನ್ ದಾಟಿದ ಮೇಲೂ 16ರಿಂದ 40 ಉಳಿದಿರುತ್ತದೆ. ಅದನ್ನು ಸೊನ್ನೆಗೆ ಇಳಿಸುವುದು ರೆಸಿನ್ ಕೆಲಸ, ಹಾಗಾಗಿ ಬೋರ್ ನೀರಿನ ಮನೆಗಳಲ್ಲಿ ರೆಸಿನ್ ಬೇಗ ಮುಗಿಯುತ್ತದೆ. ನಲ್ಲಿಯಲ್ಲಿ ಕಾವೇರಿ ಬರುವ ದಿನ ನೋಡಿ ನೀರು ಹಿಡಿದಿಟ್ಟರೆ ರೆಸಿನ್ ಬಾಳಿಕೆ ಹೆಚ್ಚುತ್ತದೆ.

ಇನ್ನೊಂದು ಸಣ್ಣ ವಿಷಯ. ಘಟಕ ನಿಲ್ಲಿಸಿ ಮತ್ತೆ ಚಾಲು ಮಾಡಿದಾಗ ಮೆಂಬ್ರೇನ್‌ನಿಂದ ಮೊದಲು ಬರುವ ನೀರಿನ ಟಿಡಿಎಸ್ ಜಾಸ್ತಿ ಇರುತ್ತದೆ. ಆ ಮೊದಲ ಒಂದೆರಡು ಲೀಟರನ್ನು ರೆಸಿನ್‌ಗೆ ಬಿಡದೆ ಹೊರಗೆ ಬಿಡಿ. ವೇಸ್ಟ್ ಪೈಪಿನ ನೀರನ್ನು ಬಕೆಟ್‌ಗೆ ಹಿಡಿದರೆ ನೆಲ ಒರೆಸಲು ಆಗುತ್ತದೆ. ನೀರಿಗೆ ಒದ್ದಾಡುವ ಊರಿನಲ್ಲಿ ಅದನ್ನು ಚರಂಡಿಗೆ ಬಿಡುವುದು ತಪ್ಪು.

ಮೀಟರ್ ನಿಜ ಹೇಳುತ್ತಿದೆಯೇ

ಮುಳ್ಳು ಏಳುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ. ಆದರೆ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಲೆಕ್ಕ ತಪ್ಪುತ್ತದೆ. ಹೆಚ್ಚಿನವರು ಬಳಸುವುದು ರಿಫ್ರಾಕ್ಟೋಮೀಟರ್, ಅಂದರೆ ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಅಂತ ನೋಡಿ ಉಪ್ಪು ಅಳೆಯುವ ಸಾಧನ. ಬಳಸುವುದು ಸುಲಭ, ಸರಿಯಾಗಿ ಬಳಸುವವರು ಕಡಿಮೆ.

ಮುಚ್ಚಳ ಎತ್ತಿ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಎರಡು ಮೂರು ಹನಿ ನೀರು ಹಾಕಿ ಮುಚ್ಚಳ ನಿಧಾನ ಇಳಿಸಿ. ನೀರು ಗಾಜಿನ ತುಂಬ ಹರಡಿರಬೇಕು, ನಡುವೆ ಗುಳ್ಳೆ ಇರಬಾರದು. ತಕ್ಷಣ ನೋಡಬೇಡಿ. ಹನಿಯ ಬಿಸಿ ಗಾಜಿನ ಬಿಸಿಗೆ ಸಮ ಆಗಲು ಅರ್ಧ ನಿಮಿಷ ಬಿಡಿ. ಆಮೇಲೆ ಕಿಟಕಿಯ ಬೆಳಕಿನ ಕಡೆ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಎಲ್ಲಿದೆಯೋ ಅದೇ ಅಳತೆ. ಗೆರೆ ಮಸುಕಾಗಿದ್ದರೆ ಹನಿ ಸಾಲದು, ಅಥವಾ ಗಾಜಿನ ಮೇಲೆ ಹಿಂದಿನ ಸಲದ ಉಪ್ಪು ಒಣಗಿ ಕೂತಿದೆ.

ಈಗ ಮುಖ್ಯ ವಿಷಯ. ಜೊತೆಗೆ ಬರುವ ಚೀಟಿಯಲ್ಲಿ ಶುದ್ಧ ನೀರು ಹಾಕಿ ಸೊನ್ನೆಗೆ ಹೊಂದಿಸಿ ಅಂತ ಇರುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಸೊನ್ನೆಯಲ್ಲಿ ಸರಿ ತೋರಿಸಿದ್ದು 35ರಲ್ಲೂ ಸರಿ ತೋರಿಸಬೇಕು ಅಂತೇನಿಲ್ಲ. ಮಾರುಕಟ್ಟೆಯಲ್ಲಿರುವ ಎಷ್ಟೋ ರಿಫ್ರಾಕ್ಟೋಮೀಟರ್‌ಗಳ ಅಳತೆಪಟ್ಟಿ ಮಾಡಿರುವುದು ಬರೀ ಸೋಡಿಯಂ ಕ್ಲೋರೈಡ್ ನೀರಿಗೆ. ಅವುಗಳಲ್ಲಿ 35 ಪಿಪಿಟಿಯ ಸಮುದ್ರದ ನೀರು 36.5ರ ಹತ್ತಿರ ಕಾಣುತ್ತದೆ. ನೀವು ಅದನ್ನು ನಂಬಿ ನೀರು ಬೆರೆಸಿ ಇಳಿಸಿದರೆ ಟ್ಯಾಂಕ್ ನಿಜವಾಗಿ 33.5ರಲ್ಲಿ ನಿಂತಿರುತ್ತದೆ.

ಪರಿಹಾರ ಸರಳ. 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರಾವಣದ ಸಣ್ಣ ಬಾಟಲಿ ಸಿಗುತ್ತದೆ, ಅದರ ಹನಿ ಹಾಕಿ, ಸ್ಕ್ರೂ ತಿರುಗಿಸಿ ಗೆರೆಯನ್ನು 35ಕ್ಕೆ ತನ್ನಿ. ಸಿಗದಿದ್ದರೆ ಮನೆಯಲ್ಲೇ ಮಾಡಬಹುದು: ಚೆನ್ನಾಗಿ ಒಣಗಿದ ಪುಡಿ ಉಪ್ಪು 36.5 ಗ್ರಾಂ, ಆರ್‌ಒ-ಡಿಐ ನೀರು 963.5 ಗ್ರಾಂ. ಎರಡನ್ನೂ ತೂಕ ಮಾಡಿ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಆಚೀಚೆ ಆದರೂ ಒಂದು ಪಿಪಿಟಿ ತಪ್ಪುತ್ತದೆ, ಹಾಗಾಗಿ 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಈ ದ್ರಾವಣ ಬೆಳಕನ್ನು ಬಾಗಿಸುವುದು 35 ಪಿಪಿಟಿ ಸಮುದ್ರದ ನೀರಿನಷ್ಟೇ. ಇದು ರಿಫ್ರಾಕ್ಟೋಮೀಟರಿಗೆ ಮಾತ್ರ. ವಾಹಕತೆ ಅಳೆಯುವ ಡಿಜಿಟಲ್ ಮೀಟರಿಗೆ ಅದರದ್ದೇ ದ್ರಾವಣ ಬೇಕು. ತಿಂಗಳಿಗೊಮ್ಮೆ ಹೀಗೆ ಹೊಂದಿಸಿದರೆ ಸಾಕು. ಕೆಳಗೆ ಬಿದ್ದರೆ ಆಗಲೇ ಹೊಂದಿಸಿ.

ಉಪ್ಪು ಕರಗಿಸುವ ಕ್ರಮ

20 ಲೀಟರ್ ತಯಾರಿಸುವ ಲೆಕ್ಕ ಹೇಳುತ್ತೇನೆ. ನಮ್ಮ 200 ಲೀಟರ್ ಟ್ಯಾಂಕಿಗೆ ಇದು ಹತ್ತನೇ ಒಂದು ಭಾಗ.

ಡ್ರಮ್ ಅಥವಾ ದೊಡ್ಡ ಬಕೆಟ್ ಆಹಾರಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್‌ನದ್ದಾಗಿರಲಿ, ಹೊಸದಾಗಿರಲಿ. ಸೆಕೆಂಡ್ ಹ್ಯಾಂಡ್ ನೀಲಿ ಡ್ರಮ್‌ನಲ್ಲಿ ಮೊದಲು ಯಾವ ಕೆಮಿಕಲ್ ಇತ್ತೋ ಯಾರಿಗೂ ಗೊತ್ತಿರುವುದಿಲ್ಲ. ಸೋಪು ಹಾಕಿ ತೊಳೆದ ಮನೆಯ ಬಕೆಟ್ ಕೂಡ ಬೇಡ.

1. ಮೊದಲು ನೀರು, ಆಮೇಲೆ ಉಪ್ಪು. ಈ ಕ್ರಮ ಯಾವತ್ತೂ ತಿರುಗಬಾರದು. ಖಾಲಿ ಬಕೆಟ್‌ಗೆ ಉಪ್ಪು ಸುರಿದು ಮೇಲೆ ನೀರು ಬಿಟ್ಟರೆ ತಳದಲ್ಲಿ ವಿಪರೀತ ಗಟ್ಟಿ ದ್ರಾವಣ ಆಗುತ್ತದೆ. ಅಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಕೂಡಿ ಸುಣ್ಣದ ಪುಡಿಯಾಗಿ ಕೂರುತ್ತದೆ. ಅದು ಆಮೇಲೆ ಕರಗುವುದಿಲ್ಲ.

2. ಸಣ್ಣ ಪವರ್‌ಹೆಡ್ ಪಂಪನ್ನು ತಳದಲ್ಲಿ ಮೇಲ್ಮುಖವಾಗಿ ಇಟ್ಟು ಚಾಲು ಮಾಡಿ. ನೀರು ಮೇಲ್ಗಡೆ ಚೆನ್ನಾಗಿ ಕಲಕಬೇಕು. ಗಾಳಿ ಬೆರೆತರೆ ಪಿಎಚ್ ಬೇಗ ಸರಿಹೋಗುತ್ತದೆ.

3. ಉಪ್ಪಿನ ಡಬ್ಬವನ್ನು ತೆರೆಯುವ ಮೊದಲು ಅಡ್ಡ ಮಲಗಿಸಿ ನಾಲ್ಕಾರು ಸಲ ಉರುಳಿಸಿ. ಸಾಗಾಟದ ಕುಲುಕಾಟದಲ್ಲಿ ಸಣ್ಣ ಕಣ ಕೆಳಗೆ ಹೋಗಿ ದಪ್ಪ ಕಣ ಮೇಲೆ ಉಳಿದಿರಬಹುದು. ಹಾಗೇ ಬಿಟ್ಟರೆ ಡಬ್ಬದ ಮೇಲಿನ ಉಪ್ಪಿಗೂ ತಳದ ಉಪ್ಪಿಗೂ ವ್ಯತ್ಯಾಸ ಬರಬಹುದು.

4. ತೂಕ ಮಾಡಿ. ಕಪ್ ಲೆಕ್ಕ ಬೇಡ, ಮಳೆಗಾಲದಲ್ಲಿ ಒಂದು ಕಪ್, ಬೇಸಿಗೆಯಲ್ಲಿ ಒಂದು ಕಪ್ ಒಂದೇ ಅಲ್ಲ. ಹೆಚ್ಚಿನ ಉಪ್ಪುಗಳಿಗೆ ಲೀಟರಿಗೆ 36ರಿಂದ 40 ಗ್ರಾಂ ಬೇಕಾಗುತ್ತದೆ. 35 ಗ್ರಾಂ ಸಾಲದಿರಲು ಕಾರಣ, ಮಿಶ್ರಣದ ಕೆಲವು ಲವಣಗಳು ತಮ್ಮೊಳಗೆ ನೀರಿನ ಅಂಶ ಹಿಡಿದುಕೊಂಡಿರುತ್ತವೆ. 20 ಲೀಟರಿಗೆ ಮೊದಲು 700 ಗ್ರಾಂ ತೂಗಿಟ್ಟುಕೊಳ್ಳಿ.

5. ಹಿಡಿ ಹಿಡಿಯಾಗಿ, ಪಂಪಿನ ಸೆಳೆತ ಇರುವ ಕಡೆ ಉದುರಿಸಿ. ಒಂದು ಹಿಡಿ ಕರಗಿದ ಮೇಲೆ ಇನ್ನೊಂದು. ಮೊದಲು ನೀರು ಮಜ್ಜಿಗೆ ಹಾಗೆ ಬೆಳ್ಳಗಾಗುತ್ತದೆ, ಹೆದರಬೇಡಿ. ಒಂದೆರಡು ಗಂಟೆಯಲ್ಲಿ ಬಕೆಟ್ಟಿನ ತಳ ಸ್ಪಷ್ಟವಾಗಿ ಕಾಣಬೇಕು.

6. ತಿಳಿಯಾದ ಮೇಲೆ ಅಳೆಯಿರಿ. 33 ಬಂತು ಅಂದುಕೊಳ್ಳಿ. 20 ಲೀಟರಿಗೆ ಒಂದು ಪಿಪಿಟಿ ಏರಿಸಲು ಸುಮಾರು 22 ಗ್ರಾಂ ಉಪ್ಪು ಬೇಕು. ಎರಡು ಪಿಪಿಟಿಗೆ 44 ಗ್ರಾಂ ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಒಟ್ಟು ಎಷ್ಟು ಗ್ರಾಂ ಹಿಡಿಯಿತು ಅಂತ ಡಬ್ಬದ ಮುಚ್ಚಳದ ಮೇಲೇ ಮಾರ್ಕರ್‌ನಿಂದ ಬರೆದುಬಿಡಿ. ಮುಂದಿನ ಸಲ ಸೀದಾ ಅಷ್ಟೇ ತೂಗಿದರೆ ಆಯಿತು.

ನೀರು ಬಿಸಿ ಮಾಡಿದರೆ ಬೇಗ ಕರಗುತ್ತದೆ ಅನ್ನುವ ಆಸೆ ಬೇಡ. ಸುಣ್ಣದ ಅಂಶ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ. ಹೀಟರ್ ಮೇಲೆ ಬಿಳಿ ಪೊರೆ ಕಟ್ಟುವುದು ಇದಕ್ಕೇ. ಬೆಂಗಳೂರು, ಮೈಸೂರಿನ ಕೋಣೆಯ ಬಿಸಿಯಲ್ಲೇ ಕರಗಿಸಿ, ಟ್ಯಾಂಕಿಗೆ ಹಾಕುವ ಮೊದಲು ಬೇಕಾದರೆ 25 ಡಿಗ್ರಿಗೆ ತನ್ನಿ.

ಎಷ್ಟು ಹೊತ್ತು ಕಲಕಬೇಕು ಅನ್ನುವುದಕ್ಕೆ ಡಬ್ಬದ ಮೇಲಿನ ಸೂಚನೆ ಓದಿ. ಆಲ್ಕಲಿನಿಟಿ ಹೆಚ್ಚಿರುವ ಉಪ್ಪುಗಳನ್ನು ಕೆಲವೇ ಗಂಟೆಗಳಲ್ಲಿ ಬಳಸಬೇಕು. ರಾತ್ರಿಯಿಡೀ ಕಲಕುತ್ತ ಬಿಟ್ಟರೆ ಕ್ಯಾಲ್ಸಿಯಂ ಕೆಳಗೆ ಬೀಳಲು ಶುರುವಾಗುತ್ತದೆ. ಸಾಮಾನ್ಯ ಹದದ ಉಪ್ಪುಗಳಿಗೆ ಒಂದು ರಾತ್ರಿ ಏನೂ ಆಗುವುದಿಲ್ಲ. ಮುಚ್ಚಳ ಮಾತ್ರ ಇರಲಿ, ಇಲ್ಲದಿದ್ದರೆ ನೀರು ಆರಿ ಉಪ್ಪು ಏರುತ್ತದೆ.

ಹೊಸ ಡಬ್ಬ ತೆರೆದಾಗ

ಉಪ್ಪು 35 ಬಂತು ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊಸ ಡಬ್ಬದ ಮೊದಲ ನೀರಿನಲ್ಲಿ ಆಲ್ಕಲಿನಿಟಿ ನೋಡಿ. ಸಾಧ್ಯವಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ. ಸ್ಯಾಲಿಫರ್ಟ್ ಕಿಟ್ ಅಥವಾ ಹನ್ನಾ ಚೆಕರ್ ಯಾವುದಾದರೂ ಆಗುತ್ತದೆ. ರೀಫ್ ಟ್ಯಾಂಕಿಗೆ ಆಲ್ಕಲಿನಿಟಿ 7ರಿಂದ 11 ಡಿಕೆಎಚ್, ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1,250ರಿಂದ 1,350 ಒಳಗೆ ಎಲ್ಲಿದ್ದರೂ ಸರಿ. ಅದರಲ್ಲಿ ಒಂದು ಕಡೆ ನಿಂತಿರಬೇಕು ಅಷ್ಟೇ.

ನಿಮ್ಮ ಟ್ಯಾಂಕ್ 8 ಡಿಕೆಎಚ್, ಹೊಸ ನೀರು 12 ಡಿಕೆಎಚ್ ಅಂತಿಟ್ಟುಕೊಳ್ಳಿ. ಹತ್ತನೇ ಒಂದು ಭಾಗ ಬದಲಿಸಿದರೆ ಟ್ಯಾಂಕ್ 8.4 ಆಗುತ್ತದೆ. ಇದೇನೂ ದೊಡ್ಡದಲ್ಲ. ಅದೇ ಅರ್ಧ ನೀರು ಬದಲಿಸಿದರೆ ಒಂದೇ ಏಟಿಗೆ 10. ಅಕ್ರೋಪೋರಾದಂಥ ಸೂಕ್ಷ್ಮ ಹವಳ ಇದ್ದರೆ ತುದಿ ಸುಟ್ಟಂತೆ ಬೆಳ್ಳಗಾಗಬಹುದು. ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸುವವರು ಈ ಅಂತರ ಒಂದು ಡಿಕೆಎಚ್ ಒಳಗೆ ಇಟ್ಟುಕೊಳ್ಳಿ.

ಹೊಸ ನೀರಿನಲ್ಲಿ ಕಡಿಮೆ ಇದ್ದರೆ ಏರಿಸುವುದು ಕಷ್ಟವಲ್ಲ. 100 ಲೀಟರಿಗೆ ಒಂದು ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಸಾಕು. ಅಡುಗೆ ಸೋಡಾ, ಬೇಕಿಂಗ್ ಪೌಡರ್ ಅಲ್ಲ. ಬೇಕಿಂಗ್ ಪೌಡರ್‌ನಲ್ಲಿ ಹುಳಿ ಅಂಶ, ಹಿಟ್ಟು ಎಲ್ಲ ಬೆರೆತಿರುತ್ತದೆ. 100 ಲೀಟರ್ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 10 ಮಿಲಿಗ್ರಾಂ ಏರಿಸಲು ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಸುಮಾರು 3.7 ಗ್ರಾಂ, ಮೆಗ್ನೀಸಿಯಂ ಅಷ್ಟೇ ಏರಿಸಲು ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಸುಮಾರು 8.4 ಗ್ರಾಂ. ಒಂದೊಂದನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ನಡುವೆ ಸಮಯ ಬಿಟ್ಟು ಹಾಕಿ. ಸೋಡಾ ಮತ್ತು ಕ್ಯಾಲ್ಸಿಯಂ ಒಂದೇ ಲೋಟದಲ್ಲಿ ಸೇರಿಸಿದರೆ ಸಿಗುವುದು ಸುಣ್ಣದ ಪುಡಿ. ಹೊಸ ಉಪ್ಪಿನಲ್ಲಿ ಆಲ್ಕಲಿನಿಟಿ ಜಾಸ್ತಿ ಇದ್ದರೆ ಇಳಿಸಲು ಆಸಿಡ್ ಹಿಡಿದು ಹೊರಡಬೇಡಿ. ಬೇರೆ ಉಪ್ಪಿಗೆ ಬದಲಿಸುವುದೇ ಮೇಲು.

ನೀರು ಬದಲಿಸುವಾಗ

ಮೊದಲು ಆಟೋ ಟಾಪ್‌ಅಪ್, ಅಂದರೆ ಆರಿದ ನೀರಿನ ಜಾಗವನ್ನು ತಾನಾಗಿ ತುಂಬಿಸುವ ಸಾಧನದ ಪ್ಲಗ್ ತೆಗೆಯಿರಿ. ಇದನ್ನು ಮರೆಯುವವರು ಬಹಳ. ನೀವು 20 ಲೀಟರ್ ಉಪ್ಪುನೀರು ಹೊರತೆಗೆದರೆ, ಮಟ್ಟ ಇಳಿಯಿತು ಅಂತ ಅದು ತನ್ನಷ್ಟಕ್ಕೆ ಸಿಹಿನೀರು ತುಂಬಿಸಿಬಿಡುತ್ತದೆ. ಆಮೇಲೆ ನಿಮ್ಮ 20 ಲೀಟರಿಗೆ ಜಾಗವೂ ಇರುವುದಿಲ್ಲ, ಉಪ್ಪೂ ಇಳಿದಿರುತ್ತದೆ. ಅದರ ನಂತರ ಕೆಳಗಿನ ತೊಟ್ಟಿಯಿಂದ ನೀರು ಮೇಲೇರಿಸುವ ರಿಟರ್ನ್ ಪಂಪ್, ಹೀಟರ್ ಆರಿಸಿ. ಹಳೆ ನೀರನ್ನು ಮರಳಿನ ಕಸದ ಸಮೇತ ಪೈಪಿನಿಂದ ಎಳೆಯಿರಿ, ಹೊಸದನ್ನು ಕೆಳಗಿನ ತೊಟ್ಟಿಗೆ ನಿಧಾನ ಸುರಿಯಿರಿ. ಹವಳದ ಮೇಲೆ ಸೀದಾ ಸುರಿಯಬೇಡಿ. ಪಂಪ್ ಶುರು ಮಾಡಿ ಮಟ್ಟ ಹಳೆ ಗೆರೆಗೆ ಬಂತು ಅಂತ ಖಚಿತವಾದ ಮೇಲೆ ಟಾಪ್‌ಅಪ್ ಮತ್ತೆ ಹಾಕಿ.

ಹದ ತಪ್ಪಿದರೆ

ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ ಫ್ಯಾನ್ ಹಾಕಿ ತಂಪು ಮಾಡುವ 200 ಲೀಟರ್ ಟ್ಯಾಂಕಿನಲ್ಲಿ ದಿನಕ್ಕೆ 4 ಲೀಟರ್ ಆರುವುದು ಅಪರೂಪವಲ್ಲ. ಆಗ ಒಂದೇ ದಿನದಲ್ಲಿ 35 ಇದ್ದದ್ದು 35.7 ಆಗುತ್ತದೆ. ಆರಿದ ನೀರಿಗೆ ಬದಲಾಗಿ ಯಾವಾಗಲೂ ಸಿಹಿನೀರು, ಅಂದರೆ ಆರ್‌ಒ-ಡಿಐ ನೀರು. ಎಷ್ಟೋ ಹೊಸಬರು ಇಲ್ಲಿ ಉಪ್ಪುನೀರು ಹಾಕುತ್ತ ಹೋಗಿ ತಿಂಗಳಲ್ಲಿ 40 ದಾಟಿಸುತ್ತಾರೆ.

ಉಪ್ಪು ಏರಿದ್ದರೆ ಲೆಕ್ಕ ಹೀಗೆ: ಈಗಿನ ಅಳತೆಯಿಂದ ಬೇಕಾದ ಅಳತೆ ಕಳೆಯಿರಿ, ಈಗಿನ ಅಳತೆಯಿಂದ ಭಾಗಿಸಿ, ಟ್ಯಾಂಕಿನ ಲೀಟರಿನಿಂದ ಗುಣಿಸಿ. 38ರಿಂದ 35ಕ್ಕೆ ತರಲು 3 ಭಾಗ 38, ಗುಣಿಸು 200, ಅಂದರೆ ಸುಮಾರು 16 ಲೀಟರ್. ಅಷ್ಟು ಟ್ಯಾಂಕಿನ ನೀರು ತೆಗೆದು ಅಷ್ಟೇ ಸಿಹಿನೀರು ಹಾಕಬೇಕು. ಒಂದೇ ಸಲಕ್ಕೆ ಅಲ್ಲ, ದಿನಕ್ಕೆ 5 ಲೀಟರಿನಂತೆ ಮೂರು ದಿನದಲ್ಲಿ. ಮೀನುಗಳು ಉಪ್ಪು ಇಳಿಯುವುದನ್ನು ಏರುವುದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ, ಹವಳಕ್ಕೆ ಎರಡೂ ನಿಧಾನವೇ ಬೇಕು. ದಿನಕ್ಕೆ ಒಂದು ಪಿಪಿಟಿ ಅನ್ನುವ ಮಿತಿ ಇಟ್ಟುಕೊಳ್ಳಿ.

ಉಪ್ಪು ಇಳಿದಿದ್ದರೆ ಒಣ ಉಪ್ಪನ್ನು ಟ್ಯಾಂಕಿಗೆ ಎಸೆಯುವ ಕೈ ತಡೆಯಿರಿ. ಕರಗದ ಕಣ ಹವಳದ ಮೇಲೆ ಬಿದ್ದ ಜಾಗ ಸುಟ್ಟುಹೋಗುತ್ತದೆ. ಸುಲಭದ ದಾರಿ ಇದೆ: ಕೆಲವು ದಿನ ಟಾಪ್‌ಅಪ್‌ಗೆ ಸಿಹಿನೀರಿನ ಬದಲು 35 ಪಿಪಿಟಿಯ ಉಪ್ಪುನೀರು ಹಾಕುವುದು.

ಒಂದು ಉದಾಹರಣೆ ನೋಡಿ. ಟಾಪ್‌ಅಪ್ ಸೆನ್ಸರ್ ಮೇಲೆ ಬಸವನಹುಳು ಕೂತಿತು, ಪಂಪ್ ನಿಲ್ಲದೆ 20 ಲೀಟರ್ ಸಿಹಿನೀರು ಟ್ಯಾಂಕಿಗೆ ಹೋಯಿತು. ಇದು ಕಟ್ಟುಕಥೆಯಲ್ಲ, ರೀಫ್ ಇಟ್ಟವರಲ್ಲಿ ಬಹಳ ಜನಕ್ಕೆ ಗೊತ್ತಿರುವ ಪಾಡು. 200 ಲೀಟರಿನ 35 ಪಿಪಿಟಿ ಈಗ 220 ಲೀಟರಿನ 31.8. ಮಟ್ಟ ಇಳಿಸಲು 20 ಲೀಟರ್ ತೆಗೆಯಿರಿ. ಆಮೇಲೆ ಆರಿದ 4 ಲೀಟರಿಗೆ ದಿನಾ 35ರ ಉಪ್ಪುನೀರು ಹಾಕುತ್ತ ಬಂದರೆ ದಿನಕ್ಕೆ 0.7ರಂತೆ ಏರಿ, ಐದನೇ ದಿನಕ್ಕೆ 35ರ ಹತ್ತಿರ ಬರುತ್ತದೆ. ಹವಳಕ್ಕೂ ಇದೇ ವೇಗ ಬೇಕಾಗಿದ್ದು. ದಿನಾ ಅಳೆಯಿರಿ, 35 ಮುಟ್ಟಿದ ದಿನವೇ ಸಿಹಿನೀರಿಗೆ ಮರಳಿ. ಸೆನ್ಸರ್ ಸುತ್ತ ಒಂದು ಪ್ಲಾಸ್ಟಿಕ್ ಜಾಲರಿ ಕಟ್ಟಿ. ಟಾಪ್‌ಅಪ್ ಡಬ್ಬವನ್ನು ಟ್ಯಾಂಕಿನ ನೀರಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದು ಇಡಬೇಡಿ. ಎಲ್ಲ ಖಾಲಿಯಾದರೂ ಅನಾಹುತ ಮಿತಿಯಲ್ಲಿರುತ್ತದೆ.

ಕಾರಣವೇ ಇಲ್ಲದೆ ವಾರವಾರ ಉಪ್ಪು ಇಳಿಯುತ್ತಿದ್ದರೆ ನೊರೆಯ ಜೊತೆ ಕೊಳೆ ಹೊರಹಾಕುವ ಸ್ಕಿಮ್ಮರ್‌ನ ಕಪ್ ನೋಡಿ. ತುಂಬ ತೆಳು ನೊರೆ ಎಳೆಯುತ್ತಿದ್ದರೆ ಅದರ ಜೊತೆ ಉಪ್ಪುನೀರೂ ಹೋಗುತ್ತಿರುತ್ತದೆ, ಆ ಜಾಗಕ್ಕೆ ಟಾಪ್‌ಅಪ್ ಸಿಹಿನೀರು ತುಂಬುತ್ತಿರುತ್ತದೆ. ಅಂಚಿನಲ್ಲಿ, ಪೈಪಿನ ಮೇಲೆ ಬಿಳಿಯಾಗಿ ಕಟ್ಟುವ ಉಪ್ಪಿನ ಪೊರೆಯೂ ಟ್ಯಾಂಕಿನದ್ದೇ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಪ್ಲಗ್ ಪಾಯಿಂಟ್ ತನಕ ಹರಡಲು ಬಿಡಬೇಡಿ.

ಉಪ್ಪಿನ ಡಬ್ಬ, ಮಳೆಗಾಲ

ಮಿಶ್ರಣದಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಎರಡೂ ಗಾಳಿಯ ತೇವ ಹೀರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ, ಕಾರವಾರದಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬ ಕೆಲವೇ ವಾರಗಳಲ್ಲಿ ಕಲ್ಲಾಗಬಹುದು. ದೊಡ್ಡ ಡಬ್ಬ ಅಗ್ಗ ಅಂತ ತಂದವರು ತೆರೆದ ದಿನವೇ ಅದನ್ನು ಒಂದೊಂದು ಸಲಕ್ಕೆ ಬೇಕಾದಷ್ಟು ತೂಗಿ, ದಪ್ಪ ಜಿಪ್ ಕವರ್‌ಗಳಲ್ಲಿ ಗಾಳಿ ಹೊರಹಾಕಿ ಕಟ್ಟಿಡಬಹುದು. ಉರುಳಿಸಿ ಬೆರೆಸಿದ ಮೇಲೆ ತೂಗಿ. ಬರೀ ಗಂಟುಗಂಟಾಗಿ, ಒತ್ತಿದರೆ ಪುಡಿಯಾದರೆ ಬಳಸಬಹುದು. ಆದರೆ ಅದರ ತೂಕದಲ್ಲಿ ಈಗ ತೇವವೂ ಸೇರಿದೆ, ಹಳೆಯ ಗ್ರಾಂ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಕಲ್ಲಾದ ಉಪ್ಪು ನೀರಿಗೆ ಹಾಕಿ ದಿನವಾದರೂ ತಳದಲ್ಲಿ ಬಿಳಿ ಪುಡಿ ಉಳಿದರೆ ಆಲ್ಕಲಿನಿಟಿ, ಕ್ಯಾಲ್ಸಿಯಂ ಅಳೆದು ನೋಡಿ. ಎರಡೂ ಇಳಿದಿದ್ದರೆ ಆ ಉಪ್ಪನ್ನು ಹವಳದ ಟ್ಯಾಂಕಿಗೆ ಹಾಕಬೇಡಿ.